ಮೀನಿನ ತೊಟ್ಟಿಯಲ್ಲಿ ನೊರೆ

ಹೆಡ್ ಕಾನ್‌ಸ್ಟೇಬಲ್ ಅಚ್ಯುತನ್ ಮೀನಿನ ತೊಟ್ಟಿಯೊಳಗಿಂದ ಕೈ ತೆಗೆದು ಬೆರಳು ನೆಕ್ಕಿದ.

"ಅಚ್ಯುತೇಟ್ಟಾ, ಛೀ! ಅದು ಸತ್ತ ಮೀನಿನ ನೀರು!" ಎಂದು ಮನೆಯೊಡತಿ ನಳಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನು ನೆಕ್ಕಿದ್ದು ನೀರನ್ನಲ್ಲ. ಗಾಜಿನ ತೊಟ್ಟಿಗೆ ಮುಚ್ಚಿದ್ದ ಹಲಗೆಯ ಒಳಮೈಯಲ್ಲಿ ಬಿಳಿಯ ಪೊರೆಯೊಂದು ಒಣಗಿ ಅಂಟಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಬಂತು, ಒದ್ದೆ ಬೆರಳಿನಲ್ಲಿ ಉಜ್ಜಿದರೆ ಜಾರಿತು. ನಾಲಿಗೆಗೆ ಮಾತ್ರ ಕಹಿಯೋ ಕಹಿ. ಈ ಕಹಿ ಅವನಿಗೆ ಹೊಸದಲ್ಲ, ದಿನಾ ಕಂಡದ್ದು. ಆದರೆ ಎಲ್ಲಿ ಎಂಬುದು ಹೊಳೆಯಲೊಲ್ಲದು.

ಬೆರಳು ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದ. ಹೆಗಲು ಬರಿದಾಗಿತ್ತು. ಅವನ ತೋರ್ತು, ಅದೇ ತೆಳ್ಳನೆಯ ಮೈ ಒರೆಸುವ ಬಟ್ಟೆ, ಮೊನ್ನೆಯಿಂದ ಕಾಣೆ. ಒಗೆದು ಹಗ್ಗಕ್ಕೆ ಹಾಕಿದ್ದ. ಒಗೆದದ್ದು ಅನ್ನುವುದಕ್ಕಿಂತ ಅದ್ದಿ ತೆಗೆದದ್ದು ಅನ್ನಬೇಕು. ಬಟ್ಟೆಯ ಮೇಲೆ ಹಟ ಸಾಧಿಸುವ ಮನುಷ್ಯನಲ್ಲ ಅಚ್ಯುತನ್. ಕ್ಯಾಂಪಿನ ಪೊಲೀಸರ ತೋರ್ತುಗಳೆಲ್ಲ ಒಂದೇ ನಮೂನೆ ಎಂದು ಪಯ್ಯಂಪಳ್ಳಿಯ ಮನೆಯಲ್ಲಿ ಹೆಂಡತಿ ಕಾರ್ತ್ಯಾಯನಿ ಅವನದರ ಮೂಲೆಗೆ ಕೆಂಪು ದಾರದಲ್ಲಿ ಗಿಳಿಯೊಂದನ್ನು ಹೊಲಿದುಕೊಟ್ಟಿದ್ದಳು. ಕ್ಯಾಂಪಿನವರು ಅದನ್ನು ಕೋಳಿ ಅನ್ನುತ್ತಿದ್ದರು. "ಕೋಳಿ ಅಲ್ಲ, ಗಿಳಿ" ಎಂದು ತಿದ್ದಿ ತಿದ್ದಿ ಅವನ ಬಾಯಿಗೆ ಅದೊಂದು ಮಂತ್ರವೇ ಆಗಿಹೋಗಿತ್ತು. ಈಗ ಗಿಳಿಯಿಲ್ಲದೆ ಬೆರಳನ್ನು ಖಾಕಿ ಚಡ್ಡಿಗೇ ಒರೆಸಿದ.

ವಿಷಯ ಇಷ್ಟು: ನಿನ್ನೆ ಭಾಸ್ಕರನ್ ಚೆಟ್ಟಿಯ ಮನೆಯವರೆಲ್ಲ ಬತ್ತೇರಿಗೆ ಮದುವೆಯೂಟಕ್ಕೆ ಹೋಗಿದ್ದಾಗ ತೊಟ್ಟಿಯ ಹೊಂಬಣ್ಣದ ಮೀನುಗಳೆಲ್ಲ ಸತ್ತು ತೇಲಿದ್ದವು, ಗಾಳಿ ಪಂಪಿನ ಸ್ವಿಚ್ಚು ಆರಿತ್ತು, ಮನೆಯಲ್ಲಿದ್ದವನು ಆಳು ಕುಟ್ಟನ್ ಒಬ್ಬನೇ.

ಒಳ್ಳೆಯ ಕಾಲವಾಗಿದ್ದರೆ ಸತ್ತ ಮೀನನ್ನು ಕಾಗೆಗೆ ಹಾಕಿ, ಆಳಿಗೆ ನಾಲ್ಕು ಬೈದು, ಮುಗಿಸುತ್ತಿದ್ದರು. ಆದರೆ ವಯನಾಡಿನಲ್ಲಿ ಅದು ಒಳ್ಳೆಯ ಕಾಲವಲ್ಲ. ಪೊಲೀಸ್ ಠಾಣೆಯ ಮೇಲೇ ದಾಳಿ ನಡೆದುಹೋದ ಮೇಲೆ ಜಮೀನಿದ್ದವರ ಮನೆಯಲ್ಲಿ ಬೆಕ್ಕು ಹಾಲು ಚೆಲ್ಲಿದರೂ ನಕ್ಸಲರೇ ಚೆಲ್ಲಿದ್ದು. ಹೋದ ವಾರ ನಳಿನಿಯ ಚಿನ್ನದ ಕಾಸುಮಾಲೆ ಪೆಟ್ಟಿಗೆಯಿಂದ ಮಾಯವಾದಾಗಲೂ ಚೆಟ್ಟಿಯಾರು ಹಾಗೆಯೇ ಕೂಗಿಕೊಂಡಿದ್ದರು. ಮಾಲೆ ಹೋಗುವ ಮೊದಲೇ, ಇಂಥ ಕೂಗಿಗೇ ನೂಲ್ಪುಳದ ಈ ಕಾಡಂಚಿಗೆ ಪೊಲೀಸ್ ಕ್ಯಾಂಪು ಬಂದು, ಅವರದೇ ಹಿತ್ತಿಲ ಪತ್ತಾಯದ ಮನೆಯಲ್ಲಿ, ಕಣಜದ ಭತ್ತದ ಮೂಟೆಗಳ ನಡುವೆ, ಬಿಡಾರ ಹೂಡಿದ್ದು.

"ಮೊದಲು ಚಿನ್ನ, ಆಮೇಲೆ ಮೀನು, ಮುಂದೆ ಚೆಟ್ಟಿಯಾರ ಕುತ್ತಿಗೆ," ಎಂದು ಲೆಕ್ಕ ಹಾಕಿದ್ದರು ಎಸ್.ಐ. ಶಂಕರನ್. ಹೊಸ ಎಸ್.ಐ., ಹೊಸ ಮೀಸೆ. "ಕುಟ್ಟನ್ ನಕ್ಸಲರ ಕಡೆಯವನು. ಸಂಜೆ ಜೀಪಿನಲ್ಲಿ ಮಲೆಯಾಚೆಯ ಸ್ಪೆಷಲ್ ಕ್ಯಾಂಪಿಗೆ ಕಳಿಸ್ತೇನೆ."

ಆ ಕ್ಯಾಂಪಿಗೆ ಹೋದವರು ಮರಳಿ ಬಂದರೆ ಗೋಡೆ ಹಿಡಿದು ನಡೆಯುತ್ತಿದ್ದರು. ಬಾರದೇ ಹೋದವರೂ ಇದ್ದರು.

ಅಂಗಳದ ತುದಿಯಲ್ಲಿ ಕುಟ್ಟನ್ನನ ಹೆಂಡತಿ ಅಮ್ಮಿಣಿ ಬೆಳಗಿನಿಂದ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ. ಯಾರು ಹೊರಗೆ ಬಂದರೂ ಎದ್ದು ನಿಲ್ಲುತ್ತಿದ್ದಳು, ಅವರು ಒಳಗೆ ಹೋದರೆ ಮತ್ತೆ ಕೂರುತ್ತಿದ್ದಳು. ಅಚ್ಯುತನಿಗೆ ಅದನ್ನು ನೋಡುವುದಕ್ಕಿಂತ ಅವಳು ಅತ್ತಿದ್ದರೇ ವಾಸಿ ಅನ್ನಿಸಿತ್ತು.

"ಏಮಾನೇ, ಒಡೆಯಾ," ಎಂದಿದ್ದಳು ಮಧ್ಯಾಹ್ನ, ಅವನು ಆ ಕಡೆ ಹಾದಾಗ. "ನನ್ನ ಗಂಡ ಹೋದ್ರೆ ನಾಳೆ ಬೆಳಿಗ್ಗೆ ನಮ್ಮ ಗುಡಿಸ್ಲೂ ಇರಲ್ಲ. ಚೆಟ್ಟಿಯಾರು ಆನೆ ಕರೆಸಿ ಕೀಳಿಸ್ತಾರೆ."

ಅದು ಸುಳ್ಳಲ್ಲ. ಗುಡಿಸಲು ನಿಂತ ತುಂಡು ನೆಲ ಗುಡಿಸಲಿನವರಿಗೇ ಎಂದು ಹೊಸ ಕಾನೂನು ಬಂದಿತ್ತು. ಚೆಟ್ಟಿಯಾರ ಗದ್ದೆಯಂಚಿನಲ್ಲಿ ಕುಟ್ಟನ್ನನದು ಅಪ್ಪನ ಕಾಲದ ಗುಡಿಸಲು. ಅವನು ಅಲ್ಲಿ ಇರುವವರೆಗೆ ಕಾನೂನು ಅವನ ಕಡೆ. ಇಲ್ಲವಾದರೆ, ಇಲ್ಲದವನಿಗೆ ಯಾವ ಕಾನೂನು?

"ಜೀಪು ಹೊರಡ್ತದಲ್ಲ ಅಮ್ಮಿಣಿ, ಅದ್ರಲ್ಲಿ ನಿನ್ನ ಗಂಡ ಇರಲ್ಲ," ಎಂದುಬಿಟ್ಟಿದ್ದ ಅಚ್ಯುತನ್. "ಇದು ನನ್ನ ಮಾತು."

ಹೇಳಿದ ಮೇಲೆ ತನ್ನ ನಾಲಿಗೆಗೆ ತಾನೇ ಶಾಪ ಹಾಕಿದ. ಮಾತು ಕೊಟ್ಟದ್ದಾಗಿತ್ತು. ಕೈಯಲ್ಲಿದ್ದದ್ದು ಒಂದು ಚಿಟಿಕೆ ಬಿಳಿ ಪುಡಿ.

* * *

ಅದರ ಜೊತೆಗೆ ಕುಟ್ಟನ್ ಹೇಳಿದ ಎರಡು ಮಾತೂ ಇದ್ದವು.

ಬೆಳಿಗ್ಗೆ ಗಂಜಿ ಕೊಡುವ ನೆಪದಲ್ಲಿ ಅಚ್ಯುತನ್, ಕುಟ್ಟನ್ನನನ್ನು ಕೂಡಿಹಾಕಿದ್ದ ಪತ್ತಾಯದ ಮನೆಯೊಳಗೆ ಹೋಗಿ ಅವನ ಎದುರು ಕೂತಿದ್ದ. ಕುಟ್ಟನ್ನನಂಥ ಹಾಡಿಯವರ ಕನ್ನಡ ಬರುವ ಪೊಲೀಸನೆಂದರೆ ಕ್ಯಾಂಪಿನಲ್ಲಿ ಅವನೊಬ್ಬನೇ.

"ಪಂಪು ಆರಿಸಿದ್ದು ಯಾರೋ?"

"ನಾನೇ, ಏಮಾನೇ."

"ಲೋ! ಒಪ್ಕೊಂಡುಬಿಟ್ಯಲ್ಲೋ!"

"ಆರಿಸ್ದವ ಆರಿಸ್ದೆ ಅನ್ದೇ ಇನ್ನೇನನ್ಲಿ? ನೊರೆ ಬಂತು ಏಮಾನೇ. ತೊಟ್ಟಿ ತುಂಬಿ, ಹಲಗೆ ಎತ್ತಿ, ನೆಲಕ್ಕೆ ಉಕ್ತು. ಗಂಜಿ ಉಕ್ಕಿದ್ರೆ ಸೌದೆ ಎಳೀತೀವಲ್ಲ, ಹಂಗೆ ಸ್ವಿಚ್ಚು ಆರಿಸ್ದೆ. ಮೀನು ಅಷ್ಟೊತ್ತಿಗೇ ಹೊಟ್ಟೆ ಮೇಲೆ ಮಾಡಿದ್ವು. ನೆಲ ಒರೆಸಿ ಕೂತೆ."

"ಎಸ್.ಐ. ಸಾರ್‌ಗೆ ಇದನ್ನ ಹೇಳ್ಬಾರ್ದಿತ್ತಾ?"

"'ಆರಿಸಿದ್ದು ನಾನೇ' ಅನ್ನೋಷ್ಟರಲ್ಲಿ ಕಪಾಳಕ್ಕೆ ಬಿತ್ತು. ಆಮ್ಯಾಲೆ ನೊರೆ ಕತೆ ಯಾರು ಕೇಳ್ತಾರೆ?"

ಕುಟ್ಟನ್ ಗಂಜಿಯ ಬಟ್ಟಲನ್ನು ಕೆಳಗಿಟ್ಟು, ಅತ್ತ ಇತ್ತ ನೋಡಿ, ಇನ್ನೊಂದು ಗುಟ್ಟು ಬಿಚ್ಚಿದ. ಕರೆಂಟು ಹೋದಾಗಲೆಲ್ಲ ತೊಟ್ಟಿಯ ನಳಿಕೆಗೆ ಸೈಕಲ್ ಪಂಪು ಸಿಕ್ಕಿಸಿ, ಕರೆಂಟು ಬರುವವರೆಗೆ ಗಾಳಿ ಒತ್ತುತ್ತಿರಬೇಕೆಂದು ಚೆಟ್ಟಿಯಾರ ಅಪ್ಪಣೆ. ಹೋದ ತಿಂಗಳು ಬಿದಿರುಮೆಳೆ ತಂತಿಯ ಮೇಲೆ ಒರಗಿ ವಾರಗಟ್ಟಲೆ ಕರೆಂಟಿರಲಿಲ್ಲ.

"ಒಂದಿನಾನೂ ಒತ್ತಿಲ್ಲ ಏಮಾನೇ. ಹಗಲೆಲ್ಲ ಗದ್ದೆ ಪಣಿ, ರಾತ್ರಿ ಮೀನಿಗೆ ಉಸ್ರು. ನಾನು ಮನುಷ್ಯ ಅಲ್ವಾ? ಪಂಪು ಹಿಡ್ಕೊಂಡು ಕೂತಲ್ಲೇ ನಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಮೀನು ನನಗಿಂತ ಸುಖವಾಗಿದ್ವು. ಇದನ್ನ ಮಾತ್ರ ಯಾರ್ಗೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಕೆಲ್ಸ ಹೋಗ್ತದೆ."

ಅಚ್ಯುತನಿಗೆ ನಗು ಬಂದದ್ದು ನಿಜ. ಆ ಸೋಮಾರಿತನವನ್ನು ಅವನು ಮನಸಾರೆ ಮೆಚ್ಚಿದ್ದೂ ನಿಜ, ಅದು ತನ್ನದೇ ಜಾತಿಯದು. ಆದರೆ ಈ ಪುಣ್ಯಾತ್ಮನನ್ನು ಉಳಿಸಬಲ್ಲದ್ದು ಅವನು ಮುಚ್ಚಿಡು ಅಂದ ಗುಟ್ಟೇ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಬೆನ್ನುಮೂಳೆ ಹೋದರೆ ಸಿಕ್ಕೀತೇ?

* * *

ಎಸ್.ಐ. ಶಂಕರನ್ ಬರುವಾಗಲೇ ಜೀಪನ್ನು ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿಕೊಂಡು ಬಂದರು.

ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಚೆಟ್ಟಿಯಾರು ಆರಾಮಕುರ್ಚಿಯಲ್ಲಿ ಶೋಕದಲ್ಲಿದ್ದರು. ಅಂದು ಆ ಮನೆಯಲ್ಲಿ ಮೀನುಸಾರು ಕೂಡ ಮಾಡಿರಲಿಲ್ಲ ಎಂದರೆ ದುಃಖ ಎಷ್ಟಿತ್ತು ನೋಡಿ. ಕುರ್ಚಿಯ ಹಿಂದೆ ನಳಿನಿ. ತೊಟ್ಟಿಯ ಪಕ್ಕ, ತನ್ನದೇ ಆಸ್ತಿ ಎಂಬಂತೆ ಅದರ ಮೇಲೆ ಕೈಯೂರಿ, ಅವಳ ತಮ್ಮ ರಾಜನ್. ಕಲ್ಲಿಕೋಟೆಯಲ್ಲಿ ಮೂರು ವ್ಯಾಪಾರ ಮಾಡಿ ಮೂರರಲ್ಲೂ ಮುಳುಗಿ ಎದ್ದು ಬಂದವನು. ತೊಟ್ಟಿ, ಪಂಪು, ಮೀನು ಎಲ್ಲವನ್ನೂ ಭಾವನ ತಲೆಗೆ ಕಟ್ಟಿದವನೂ ಅವನೇ.

"ಸಾರ್, ಜೀಪು ಹೊರಡೋ ಮುಂಚೆ ಒಂದು ಮಾತು," ಎಂದ ಅಚ್ಯುತನ್. "ಈ ತೊಟ್ಟಿಗೆ ಪಂಪು ಬೇಕಾ ಬೇಡ್ವಾ ಅನ್ನೋದು ತೀರ್ಮಾನ ಆಗ್ಬೇಕು."

"ಡೋ ಅಚ್ಯುತಾ, ಇದು ಮೀನುಗಾರಿಕೆ ಇಲಾಖೆ ಅಲ್ಲ."

"ಪಂಪು ನಿಂತಿದ್ದಕ್ಕೇ ಮೀನು ಸತ್ವು ಅಂತ ಅಲ್ವಾ ಸಾರ್ ಕುಟ್ಟನ್ನ ಹಿಡಿದಿರೋದು? ಪಂಪು ನಿಂತ್ರೂ ಮೀನು ಸಾಯಲ್ಲ ಅಂದ್ರೆ?"

ರಾಜನ್ ನಕ್ಕ. "ಪಂಪಿಲ್ಲದ ತೊಟ್ಟಿ ಅಂದ್ರೆ ಮೂಗಿಲ್ಲದ ಮನುಷ್ಯ, ಅಚ್ಯುತೇಟ್ಟಾ. ಕಲ್ಲಿಕೋಟೇಲಿ ಯಾರನ್ನ ಬೇಕಾದ್ರೂ ಕೇಳಿ."

"ಕಲ್ಲಿಕೋಟೆ ದೂರ. ನಿಮ್ಮನ್ನೇ ಕೇಳ್ತೀನಿ. ಗದ್ದೆ ನೀರಲ್ಲಿ ಮೀನಿಲ್ವಾ? ಅದಕ್ಕೆ ಯಾರು ಪಂಪಿಟ್ಟಿದ್ದಾರೆ?"

"ಗದ್ದೆ ನೀರು ಅಗಲಕ್ಕೆ ಹರಡಿರ್ತದೆ. ಗಾಳಿ ಮೇಲಿಂದ್ಲೇ ನೀರಿಗೆ ಸೇರ್ತದೆ."

"ಮೇಲಿಂದ ಸೇರ್ತದೆ. ಶರಿ, ನೀವೇ ಹೇಳಿದ್ರಿ." ಅಚ್ಯುತನ್ ತೊಟ್ಟಿಗೆ ಕೈ ಇಳಿಬಿಟ್ಟ. ನೀರು ಮೊಣಕೈಗೂ ಮುಟ್ಟಲಿಲ್ಲ. "ಆಳ ಇಷ್ಟು. ಅಗಲ ನೋಡಿ, ಮಗು ಮಲಗಿಸ್ಬಹುದು. ಮೀನು ಇದ್ದದ್ದು ಒಂದು ಹಿಡಿ."

"ಮೀನು ಜಾಸ್ತಿ ತುಂಬಿದ್ರೆ? ಮೇಡತಿಂಗಳ ಬಿಸಿಲಿಗೆ ನೀರು ಕಾದ್ರೆ? ಆಗ ಪಂಪಿಲ್ದೆ ಬಾಯಿ ಬಾಯಿ ಬಿಡ್ತವೆ!" ರಾಜನ್ನನ ದನಿ ಏರಿತು. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು.

"ಒಪ್ಪಿದೆ. ಕಿಕ್ಕಿರಿದ್ರೆ ಬೇಕು, ಸೆಕೆಗೆ ಬೇಕು. ಇಲ್ಲಿ ಕಿಕ್ಕಿರಿದೂ ಇಲ್ಲ, ಈಗ ಮಕರದ ಚಳೀಲಿ ಎಸ್.ಐ. ಸಾರೇ ಎರಡು ಬನೀನು ಹಾಕಿದ್ದಾರೆ."

ಎಸ್.ಐ. ಕಾಲರು ಸರಿಮಾಡಿಕೊಂಡರು.

"ಬಾಯಿ ಮಾತು ಬೇಡ," ಎಂದರು ಚೆಟ್ಟಿಯಾರು, ಕುರ್ಚಿಯಿಂದ ಅರ್ಧ ಎದ್ದು. "ಹೋದ ತಿಂಗಳು ಅಷ್ಟು ದಿನ ಕರೆಂಟಿರ್ಲಿಲ್ಲ. ಮೀನು ಬದುಕಿದ್ದು ಹೇಗೆ? ಕುಟ್ಟನ್ ಕೈಲಿ ಪಂಪು ಒತ್ತಿಸಿದ್ದಕ್ಕೆ. ಆಗ ಒತ್ತಿದೋನು ನಿನ್ನೆ ಬೇಕಂತ್ಲೇ ಆರಿಸಿದ್ದಾನೆ!"

"ಅವನು ಒತ್ತಲಿಲ್ಲ, ಚೆಟ್ಟಿಯಾರೇ."

"ಏನಂದಿ?"

"ಒಂದು ರಾತ್ರೀನೂ ಒತ್ತಲಿಲ್ಲ. ನಿದ್ದೆ ಹೊಡೆದ."

ಕಾಲಿಗೆ ಬೀಳ್ತೀನಿ ಅಂದಿದ್ದ ಪಾಪದವನು. ಆದರೆ ಬೇರೆ ದಾರಿ ಇರಲಿಲ್ಲ.

ಚೆಟ್ಟಿಯಾರ ಮುಖ ಕೆಂಪಡರಿತು. "ಸುಳ್ಳು! ನಾನು ಕಿವಿಯಾರೆ ಕೇಳಿದ್ದೀನಿ. ರಾತ್ರಿಯೆಲ್ಲ ಬುಸ್... ಬುಸ್... ಅಂತ ಪಂಪಿನ ಶಬ್ದ. ಆ ಶಬ್ದ ಕೇಳ್ಕೊಂಡೇ ನಾನು ನೆಮ್ಮದಿಯಾಗಿ ಮಲಗ್ತಿದ್ದೆ. ದೇವರಾಣೆ!"

ಪಡಸಾಲೆಯಲ್ಲಿ ಎಲ್ಲರೂ ಸುಮ್ಮನಾದರು. ಆಗ, ಆ ಮೌನದಲ್ಲಿ, ಹಿತ್ತಿಲ ಕಡೆಯಿಂದ ತೇಲಿ ಬಂತು.

ಬುಸ್... ಬುಸ್... ಬುಸ್...

"ಅದೇ!" ಚೆಟ್ಟಿಯಾರು ನೆಟ್ಟಗೆ ಎದ್ದು ನಿಂತರು. "ಅದೇ ಶಬ್ದ! ಕೇಳಿ ಸಾರ್, ಅದೇ! ಯಾರದು ಈಗ ಪಂಪು ಒತ್ತುತ್ತಿರೋದು?"

ಸೈಕಲ್ ಪಂಪು ಎಲ್ಲರ ಕಣ್ಣೆದುರೇ, ಗೋಡೆಯ ಮೊಳೆಗೆ ನೇತುಹಾಕಿತ್ತು.

ಅಚ್ಯುತನ್ ಹಿತ್ತಿಲ ಬಾಗಿಲು ತೆರೆದ. ಪತ್ತಾಯದ ಮನೆಯ ಕಿಟಕಿಯ ಸರಳುಗಳ ಹಿಂದೆ, ಭತ್ತದ ಮೂಟೆಗೆ ಒರಗಿ, ಬಾಯಿ ತೆರೆದು, ಕುಟ್ಟನ್ ನಿದ್ದೆ ಹೋಗಿದ್ದ. ರಾತ್ರಿಯಿಡೀ ಹೆದರಿ ಕಣ್ಣು ಮುಚ್ಚದವನು ಮಧ್ಯಾಹ್ನದ ಗಂಜಿ ಹೊಟ್ಟೆಗಿಳಿದ ಮೇಲೆ ಸೋತುಹೋಗಿದ್ದ.

ಬುಸ್... ಬುಸ್...

ಮೊದಲು ನಕ್ಕವಳು ನಳಿನಿ, ಸೆರಗಿನೊಳಗೆ. ಆಮೇಲೆ ಬಾಗಿಲಲ್ಲಿ ಕಾವಲಿದ್ದ ಪೊಲೀಸ್. ಎಸ್.ಐ. ಶಂಕರನ್ ತಮ್ಮ ಹೊಸ ಮೀಸೆಯ ಮರೆಯಲ್ಲಿ ಬಹಳ ಕಷ್ಟಪಟ್ಟರು. ಚೆಟ್ಟಿಯಾರೊಬ್ಬರೇ ನಗಲಿಲ್ಲ. ಅಷ್ಟು ರಾತ್ರಿ ಆಳಿನ ಗೊರಕೆಯನ್ನೇ ಜೋಗುಳ ಮಾಡಿಕೊಂಡು ಮಲಗಿದ್ದು ಅವರೇ ತಾನೆ.

"ಮೀನು ಪಂಪಿಲ್ದೆ ಬದುಕ್ತವೆ ಅನ್ನೋದಕ್ಕೆ ಚೆಟ್ಟಿಯಾರೇ ಸಾಕ್ಷಿ, ಸಾರ್," ಎಂದ ಅಚ್ಯುತನ್ ವಿನಯದಿಂದ.

* * *

ನಗು ತಣ್ಣಗಾದ ಮೇಲೆ ಎಸ್.ಐ. ಕೇಳಿದರು, "ಹಾಗಾದ್ರೆ ಮೀನು ಸತ್ತದ್ದು ಹೇಗೆ?"

ಅಚ್ಯುತನ್ ಹಲಗೆಯನ್ನು ಮಗುಚಿ ಅವರ ಮುಂದೆ ಹಿಡಿದ. "ಈ ಬಿಳೀ ಪೊರೆ ನೋಡಿ. ಕುಟ್ಟನ್ ನೊರೆ ಬಂತು ಅಂದ, ನಾವು ನಂಬಲಿಲ್ಲ. ನೀರು ಹಲಗೆಗಿಂತ ಗೇಣು ಕೆಳಗಿದೆ. ನೊರೆ ಇಲ್ಲಿಗೆ ಹತ್ತಿದ್ದು ಹೇಗೆ?"

"ಹೇಗೆ?"

"ರಾಜನ್ ತೋರಿಸ್ತಾರೆ."

ಕರೆಂಟು ಮಧ್ಯಾಹ್ನವೇ ಹೋಗಿತ್ತು. ಅಚ್ಯುತನ್ ತೊಟ್ಟಿಯ ನೀರನ್ನು ಬಕೆಟ್ಟಿಗೆ ತುಂಬಿ, ಗಾಳಿ ನಳಿಕೆಯ ತುದಿಯನ್ನು ಅದರೊಳಗೆ ಇಳಿಸಿ, ಗೋಡೆಯ ಸೈಕಲ್ ಪಂಪನ್ನು ತೆಗೆದು ರಾಜನ್ನನ ಕೈಗೆ ಕೊಟ್ಟ.

"ನಾನಾ?"

"ಪಂಪಿನ ವಿಷಯ ಗೊತ್ತಿರೋರು ನೀವೊಬ್ಬರೇ ಅಲ್ವಾ."

ರಾಜನ್ ಒತ್ತಿದ. ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಒದ್ದೆಯಾಗುವವರೆಗೆ ಒತ್ತಿದ. ಮೊದಲು ಬರೀ ಗುಳ್ಳೆ. ಆಮೇಲೆ ಗುಳ್ಳೆಗಳು ಒಡೆಯದೆ ಒಂದರ ಮೇಲೊಂದು ಕೂತವು. ಬಕೆಟ್ಟಿನ ಬಾಯಿಗೆ ಬಿಳಿಯ ನೊರೆ ಬಂದು, ಉಕ್ಕಿ, ಎಸ್.ಐ.ಯವರ ಬೂಟಿನ ಮೇಲೆ ಇಳಿಯಿತು.

ಅಂಗಳದಿಂದ ಇಣುಕುತ್ತಿದ್ದ ಅಮ್ಮಿಣಿ ಮೂಗೇರಿಸಿ, "ಅಂಟುವಾಳ," ಎಂದಳು.

ಅಚ್ಯುತನ ತಲೆಯಲ್ಲಿ ದೀಪ ಹೊತ್ತಿತು. ಅಂಟುವಾಳದ ಕಹಿ! ಹೊಳೆಯ ಮಡುವಿಗೆ ಅಂಟುವಾಳದ ಕಾಯಿ ಜಜ್ಜಿ ಹಾಕಿದರೆ ಮೀನು ಅಮಲೇರಿ ಮೇಲೆ ಬರುತ್ತವೆ. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಮಾಡಿದ್ದೇ ಅದು.

"ಸಾರ್, ಕೇಳಿ. ಅಂಟುವಾಳ ಬಿದ್ರೂ ನಿಂತ ನೀರು ಹೀಗೆ ಉಕ್ಕಲ್ಲ. ಹಲಗೆವರೆಗೆ ನೊರೆ ಏರ್ಬೇಕಾದ್ರೆ ಪಂಪು ಓಡ್ತಾನೇ ಇರ್ಬೇಕು. ಅಂದ್ರೆ ಮೀನು ಸಾಯೋವಾಗ ಪಂಪು ಓಡ್ತಿತ್ತು! ಕುಟ್ಟನ್ ಆರಿಸಿದ್ದು ಆಮೇಲೆ. ಅವನು ಹೇಳಿದ್ದೆಲ್ಲ ಸತ್ಯ."

ಎಸ್.ಐ. ಬೂಟು ಕೊಡವಿದರು. ಅವರು ದಡ್ಡರಲ್ಲ, ಅವಸರದವರು ಅಷ್ಟೆ. "ತೊಟ್ಟಿಗೆ ಅಂಟುವಾಳ ಯಾಕೆ ಬಂತು?"

"ಈ ಸೀಮೇಲಿ ಅಂಟುವಾಳ ಹಾಕಿ ತೊಳೆಯೋದು ಏನನ್ನ, ನಳಿನಿಯಮ್ಮಾ?"

ನಳಿನಿಯ ಮುಖದ ನಗು ಆರಿತು. "ತಲೆ... ರೇಷ್ಮೆ ಸೀರೆ..."

"ಮತ್ತೆ?"

"ಚಿನ್ನ," ಎಂದಳು ಮೆಲ್ಲಗೆ.

"ಇಡೀ ಮನೆ ಹುಡುಕ್ತೀವಿ ಅಂತ ಸಾರ್ ಮೊನ್ನೆ ಹೇಳಿದ್ರು. ಕಾಸುಮಾಲೆ ಕದ್ದು ಒಳಗೇ ಇಟ್ಕೊಂಡೋರಿಗೆ ಭಯ ಹತ್ತಿತು. ಪೆಟ್ಟಿಗೆ, ಪತ್ತಾಯ, ಅಟ್ಟ ಎಲ್ಲಾ ಹುಡುಕ್ತಾರೆ. ಮೀನಿನ ತೊಟ್ಟಿಯ ಮರಳಿಗೆ ಯಾರು ಕೈ ಹಾಕ್ತಾರೆ?" ಅಚ್ಯುತನ್ ತೋಳು ಮಡಚಿದ. ಅವನಿಗೆ ಈಗ ಹಸಿವೂ ಇರಲಿಲ್ಲ, ಅವನ ಮಟ್ಟಿಗೆ ಅದು ದೊಡ್ಡ ಮಾತು. "ಸಾರ್, ಒಂದು ಕರಾರು. ಮರಳಿನೊಳಗೆ ಏನೂ ಸಿಗ್ದಿದ್ರೆ ಕುಟ್ಟನ್ನ ಕರ್ಕೊಂಡ್ ಹೋಗಿ. ಸಿಕ್ಕಿದ್ರೆ, ಅದು ಯಾರ ಕೈಕೆಲಸ ಅಂತ ಆಗ್ತದೋ ಅವರು ಜೀಪು ಹತ್ತಬೇಕು. ಕುಟ್ಟನ್ ಮನೆಗೆ. ಯಾರೇ ಆಗಿರ್ಲಿ, ಮುಖ ನೋಡಬಾರ್ದು."

ಎಸ್.ಐ. ಚೆಟ್ಟಿಯಾರತ್ತ ನೋಡಿದರು. ಚೆಟ್ಟಿಯಾರು ನಳಿನಿಯತ್ತ, ನಳಿನಿ ತಮ್ಮನತ್ತ, ರಾಜನ್ ಬಕೆಟ್ಟಿನತ್ತ ನೋಡಿದರು.

"ಶರಿ," ಎಂದರು ಎಸ್.ಐ. "ಯಾರೇ ಆಗಿರ್ಲಿ. ನನ್ನ ಮಾತು."

ಅಚ್ಯುತನ್ ತೊಟ್ಟಿಗೆ ಕೈ ಹಾಕಿದ. ಮರಳು ಬೆರಳ ಸಂದಿಯಲ್ಲಿ ಜರಿಯಿತು. ಈ ಮೂಲೆಯಲ್ಲಿ ಏನೂ ಇಲ್ಲ. ಆ ಮೂಲೆಯಲ್ಲೂ ಇಲ್ಲ. ಅಂಗಳದಲ್ಲಿ ಅಮ್ಮಿಣಿ ಕಂಬ ಹಿಡಿದು ನಿಂತಿದ್ದಳು. ಮೂರನೆಯ ಮೂಲೆಯಲ್ಲಿ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಬಟ್ಟೆ. ಬಟ್ಟೆಯೊಳಗೆ ಗಟ್ಟಿಯಾದದ್ದೊಂದು.

ಎಳೆದ. ನೀರು ಸುರಿಸುತ್ತ ಗಂಟೊಂದು ಹೊರಬಂತು. ಬಂದ ರಭಸಕ್ಕೆ ಮತ್ತಷ್ಟು ನೊರೆಯೆದ್ದಿತು.

"ಬಿಚ್ಚು!" ಎಂದರು ಎಸ್.ಐ.

ಬಿಚ್ಚಿದ. ಒದ್ದೆ ಬಟ್ಟೆಯ ನಡುವೆ ಕಾಸುಮಾಲೆ ಹಳದಿಯಾಗಿ ಸುರುಳಿ ಮಲಗಿತ್ತು.

"ನನ್ನ ಮಾಲೆ!" ಎಂದು ಕಿರುಚಿ ನಳಿನಿ ಕುಸಿದು ಕೂತಳು. ಚೆಟ್ಟಿಯಾರು "ದೇವರೇ" ಎಂದರು. ರಾಜನ್ನನ ಕೈಯಿಂದ ಪಂಪು ಜಾರಿ ಬಿತ್ತು. ಮೂವರಲ್ಲಿ ಯಾರ ಬೆರಗು ನಿಜ, ಯಾರದು ನಾಟಕ ಎಂದು ಅಚ್ಯುತನ್ ಒಂದೊಂದೇ ಮುಖವನ್ನು ಓದುತ್ತಿದ್ದ. ಪತ್ತೇದಾರನೆಂದರೆ ನಾನೇ ಎಂದು ಒಳಗೊಳಗೇ ಬೀಗುತ್ತಿದ್ದ.

ಅಂಟುವಾಳ ಮಾಲೆಯದಲ್ಲ, ಬಟ್ಟೆಯದು ಎಂದು ಅವನಿಗೆ ಹೊಳೆದದ್ದು ಆಗ. ಹಿಂಡಿದಷ್ಟೂ ನೊರೆ. ಯಾವನೋ ಮಹಾ ಸೋಮಾರಿ ಅಂಟುವಾಳದ ಪುಡಿ ಬಳಿದು, ಒಂದು ನೀರಿನಲ್ಲೂ ಜಾಲಿಸದೆ, ಹಾಗೇ ಒಣಗಿಸಿದ ಬಟ್ಟೆ. ಮೀನು ಕೊಂದ ಪಾಪ ಆ ಸೋಮಾರಿಯದು.

ಅಷ್ಟರಲ್ಲಿ ಎಸ್.ಐ. ಬಟ್ಟೆಯ ಮೂಲೆಯನ್ನು ಬೆಳಕಿಗೆ ಹಿಡಿದಿದ್ದರು. ಕೆಂಪು ದಾರದ ಕಸೂತಿ. ಅವರು ತಲೆ ಓರೆ ಮಾಡಿ ನೋಡಿದರು, ಇನ್ನೊಂದು ಕಡೆಗೂ ಓರೆ ಮಾಡಿದರು.

"ಈ ಕೋಳಿ ಯಾರದು?"

"ಕೋಳಿ ಅಲ್ಲ ಸಾರ್, ಗಿಳಿ," ಎಂದುಬಿಟ್ಟ ಅಚ್ಯುತನ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇವನು ಹೆಗಲನ್ನೂ ಮುಟ್ಟಿಕೊಂಡ, ತೋರ್ತು ಇಲ್ಲದ ಬರಿಯ ಹೆಗಲನ್ನು.

ಹಿತ್ತಿಲಿನಿಂದ ಬುಸ್ ಬುಸ್ ಎಂಬುದಷ್ಟೇ ಕೇಳುತ್ತಿತ್ತು.

"ಸಾರ್, ಅದು ಮೊನ್ನೆಯಿಂದ ಕಾಣ್ತಿರ್ಲಿಲ್ಲ. ಹಗ್ಗಕ್ಕೆ ಹಾಕಿದ್ದೆ. ಪತ್ತಾಯಕ್ಕೂ ಅಡುಗೆಮನೆಗೂ ಕಟ್ಟಿದ ಹಗ್ಗ, ಯಾರು ಬೇಕಾದ್ರೂ..."

"ತೊಟ್ಟಿಯಲ್ಲಿ ಮಾಲೆ ಇದೆ ಅಂತ ಈ ಮನೆಯಲ್ಲಿ ಗೊತ್ತಿದ್ದದ್ದು ಒಬ್ಬನಿಗೇ," ಎಂದರು ಎಸ್.ಐ. ತಣ್ಣಗೆ. "ಎಲ್ಲಿದೆ, ಹೇಗೆ ಬಂತು, ಯಾವಾಗ ಬಂತು ಎಲ್ಲ ನೀನೇ ಹೇಳಿದೆ. ನಾನು ಮೆಚ್ಚಿಕೊಂಡೂ ಬಿಟ್ಟಿದ್ದೆ. ಕರಾರು ಯಾರದು, ಅಚ್ಯುತಾ?"

ಅಚ್ಯುತನ್ ಬಾಯಿ ತೆರೆದ. ತೊಟ್ಟಿಯಲ್ಲಿ ಮೀನಿದ್ದಿದ್ದರೆ ಅದೂ ಹಾಗೆಯೇ ತೆರೆಯುತ್ತಿತ್ತು.

"ನಂದು, ಸಾರ್," ಎಂದ.

* * *

ಕುಟ್ಟನ್ನನನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು. ಮನೆಗೆ ಹೋಗು ಎಂದರೆ ಅವನು ನಂಬಲಿಲ್ಲ. ಅಮ್ಮಿಣಿ ಓಡಿಬಂದು ಅವನ ತೋಳು, ಬೆನ್ನು, ಕಪಾಳ ಎಲ್ಲವನ್ನೂ ಮುಟ್ಟಿ ನೋಡಿದಳು. ಆಗ ಅತ್ತಳು.

ಅಚ್ಯುತನ್ ಟೋಪಿ, ಬೆಲ್ಟು ಬಿಚ್ಚಿಕೊಟ್ಟು ಜೀಪಿನ ಹಿಂಬದಿಗೆ ಹತ್ತಿ ಕೂತ. ಅವನಿಗೆ ಭಯವಾಗುತ್ತಿತ್ತು, ಮುಚ್ಚಿಡುವುದೇನು. ಆ ಕ್ಯಾಂಪಿನ ಗೋಡೆಗಳನ್ನು ಅವನು ಪೊಲೀಸನಾಗಿ ಒಳಗಿನಿಂದ ನೋಡಿದ್ದ. ಕೊಟ್ಟ ಮಾತು ಮಾತ್ರ ಅಕ್ಷರಶಃ ನಡೆದಿತ್ತು: ಜೀಪು ಹೊರಡುತ್ತಿತ್ತು, ಅದರಲ್ಲಿ ಕುಟ್ಟನ್ ಇರಲಿಲ್ಲ.

ಡ್ರೈವರ್ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದಾಗ ಕುಟ್ಟನ್ ಜೀಪಿನ ಹಿಂದೆ ಬಂದು ನಿಂತ. ತಲೆ ತಗ್ಗಿಸಿ, ತುಟಿ ಅಲುಗದಂತೆ ಹೇಳಿದ.

"ನಾ ಪಂಪು ಒತ್ತಿಲ್ಲ ಅಂತ ಹೇಳ್ಬಿಟ್ರಿ, ಏಮಾನೇ."

"ಹೇಳ್ದೆ ಕಣೋ. ತಪ್ಪಾಯ್ತು."

"ಬಿಡಿ. ನಿಮ್ಮ ಗಿಳಿ ತೋರ್ತು ಇತ್ತಲ್ಲ. ಅದನ್ನ ಹಗ್ಗದಿಂದ ಎಳ್ಕೊಂಡೋರನ್ನ ನಾ ಕಂಡೆ."

ಅಚ್ಯುತನ್ ಜೀಪಿನ ಕಂಬಿ ಹಿಡಿದು ಬಗ್ಗಿದ. ಗಿಳಿ ಎಂದು ತಿದ್ದಿಸಿಕೊಳ್ಳದೆ ಹೇಳಿದ ಮೊದಲ ಮನುಷ್ಯ ಕುಟ್ಟನ್. "ಯಾರೋ? ಬೇಗ ಹೇಳು, ಯಾರು?"

ಜಗುಲಿಯ ಮೇಲೆ ಮೂವರೂ ಸಾಲಾಗಿ ನಿಂತಿದ್ದರು. ಚೆಟ್ಟಿಯಾರು, ನಳಿನಿ, ರಾಜನ್. ಮೂವರ ಕಣ್ಣೂ ಕುಟ್ಟನ್ನನ ಬಾಯಿಯ ಮೇಲಿತ್ತು.

ಎಂಜಿನ್ನು ಕೆಮ್ಮಿ ಹೊತ್ತಿಕೊಂಡಿತು. ಕುಟ್ಟನ್ ಬಾಯಿ ತೆರೆದ. ಹಿಂದಿನಿಂದ ಅಮ್ಮಿಣಿ ಬಂದು ಅಂಗೈಯಿಂದ ಅವನ ಬಾಯಿಯನ್ನು ಒತ್ತಿ ಹಿಡಿದಳು.

"ಬೇಡ," ಎಂದಳು. "ನಮ್ಮ ಗುಡಿಸ್ಲು."

ಅವಳು ಹೇಳಿದ್ದು ಗಂಡನಿಗೆ, ನೋಡಿದ್ದು ಅಚ್ಯುತನನ್ನು. ಆ ನೋಟದಲ್ಲಿ ಕ್ಷಮೆ ಕೇಳುವುದೂ ಇತ್ತು. ಜೀಪು ಮುಂದಕ್ಕೆ ಹಾರಿತು. ಮೆಣಸಿನ ಬಳ್ಳಿಗಳ ತಿರುವಿನವರೆಗೂ ಅಚ್ಯುತನ್ ತಿರುಗಿ ನೋಡುತ್ತಲೇ ಇದ್ದ. ಅವಳ ಕೈ ಕುಟ್ಟನ್ನನ ಬಾಯಿಯ ಮೇಲಿನಿಂದ ಕದಲಲಿಲ್ಲ.